ಬೆಟ್ಟ ತೋಟವಾದರೆ ಕಾನು ಎಷ್ಟು ದಿನ ಉಳಿದೀತು?

ಕಾನಂಚಿನ ಮನೆ (ಚರ್ಚೆ ಆರಂಭಿಸಿದವರು)

ಮೂರು ದಿನ ಜೆಸಿಬಿ ಓಡಿತು. ನಮ್ಮ ನೆರೆಯವರ ಸೊಪ್ಪಿನಬೆಟ್ಟದಲ್ಲಿ ಎರಡು ಎಕರೆಯಷ್ಟು ಜಾಗ ಈಗ ಬೋಳು, ಮೆಟ್ಟಿಲು ಮೆಟ್ಟಿಲಾಗಿ ಕೆಂಪು ಮಣ್ಣು. ಮಳೆ ಹಿಡಿಯುವುದರೊಳಗೆ ಅಡಿಕೆ ಸಸಿ ನೆಡುತ್ತಾರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಟ್ಟಿಗೆ ಆಡಿ ಬೆಳೆದವರು. ಆದರೆ ಸದ್ದು ನಿಂತು ವಾರವಾದರೂ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇರೆ ಸೀಮೆಯವರಿಗಾಗಿ ಸ್ವಲ್ಪ ವಿವರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ. ಅದರ ಮೇಲಿನ ಇಳಿಜಾರು ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ನೆಲ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು, ಒಣ ಕಟ್ಟಿಗೆ ತೋಟಿಗನದ್ದು. ಮತ್ತಿ, ಕವಲು, ಹೊನ್ನೆ, ನೇರಲೆಯ ಟೊಂಗೆ ಸವರಿ ತಂದು ಕೊಟ್ಟಿಗೆಗೆ ಹಾಸಿದರೆ ಅದೇ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಬೆಟ್ಟಕ್ಕಿಂತ ಮೇಲೆ, ಹಳ್ಳದ ತಲೆಯಲ್ಲಿ ಕಾನು, ಅಂದರೆ ಸದಾ ಹಸಿರಿನ ದಟ್ಟ ಕಾಡು. ಅಲ್ಲಿ ಯಾರೂ ಕತ್ತಿ ಹಚ್ಚುತ್ತಿರಲಿಲ್ಲ. ಚೌಡಿ ದೇವಿಯ ಕಲ್ಲು ಇರುವುದು ಅಲ್ಲಿ, ತೋಟಕ್ಕೆ ನೀರು ಬರುವುದೂ ಅಲ್ಲಿಂದ.

ಈಗ ನನ್ನ ಕಷ್ಟ. ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಯಾರೂ ಸೊಪ್ಪು ಕಡಿದಿಲ್ಲ. ಅಪ್ಪನ ಕಾಲಕ್ಕೆ ಹತ್ತು ದನ ಇದ್ದವು, ಈಗ ಒಂದು ಆಕಳು. ಒಲೆಗೆ ಗ್ಯಾಸ್ ಬಂತು, ತೋಟಕ್ಕೆ ಚೀಲದ ಗೊಬ್ಬರ ಬಂತು, ಮರ ಹತ್ತುವ ಕೈಗಳು ಊರು ಬಿಟ್ಟವು. ಬೆಟ್ಟದ ಕಾಲುದಾರಿಯನ್ನು ಯುಪಟೋರಿಯಂ ಕಳೆ ಮುಚ್ಚಿದೆ. "ಹಾಳು ಬಿದ್ದ ಜಾಗಕ್ಕೆ ಕಾವಲು ಯಾಕೆ, ನಾವೂ ಎರಡು ಎಕರೆ ಬಿಡಿಸೋಣ" ಅನ್ನುತ್ತಾನೆ ತಮ್ಮ. ಅವನಿಗೆ ಹೇಳಲು ನನ್ನ ಹತ್ತಿರ ಪ್ರೀತಿಯ ಮಾತಿದೆ, ಲೆಕ್ಕದ ಮಾತಿಲ್ಲ. ನಿಮ್ಮಲ್ಲಿ ಯಾರಾದರೂ ಬೆಟ್ಟವನ್ನು ಬೆಟ್ಟವಾಗಿಯೇ ಉಳಿಸಿಕೊಂಡಿದ್ದೀರಾ? ಹೇಗೆ?


ಹೊಸ ತೋಟಿಗ

ಜೆಸಿಬಿ ತರಿಸಿದವರಲ್ಲಿ ನಾನೂ ಒಬ್ಬ, ನಿಮ್ಮೂರಲ್ಲ, ಬೇರೆ ಊರು. ಈ ಕಡೆಯ ಮಾತನ್ನೂ ಕೇಳಿ.

ಕಣಿವೆಯ ಹಳೇ ತೋಟ ಎಲೆಚುಕ್ಕಿ ರೋಗಕ್ಕೆ ಸುಟ್ಟ ಹಾಗಾಗಿದೆ. ಮೂರು ಮಳೆಗಾಲ ಔಷಧ ಹೊಡೆದು ಸಾಕಾಯಿತು. ಬಿಸಿಲು, ಗಾಳಿ ಆಡುವ ಮೇಲಿನ ನೆಲದಲ್ಲಿ ಹೊಸ ತೋಟ ಎಬ್ಬಿಸಿದರೆ ಮಕ್ಕಳಿಗೆ ಏನಾದರೂ ಉಳಿದೀತು ಅಂತ ಮನೆಯವರೆಲ್ಲ ಕೂತು ನಿರ್ಧಾರ ಮಾಡಿದೆವು. ಬೆಟ್ಟದಿಂದ ನನಗೆ ವರ್ಷಕ್ಕೆ ಬರುತ್ತಿದ್ದುದು ಒಂದಿಷ್ಟು ಒಣ ಕಟ್ಟಿಗೆ, ಅಷ್ಟೇ. ಬ್ಯಾಂಕಿನ ಕಂತಿಗೆ ಅದು ಸಾಲುವುದಿಲ್ಲ. ಮತ್ತೆ, ಅಡಿಕೆಯೂ ಮರವೇ. ನಾವೇನು ಅಲ್ಲಿ ಕಟ್ಟಡ ಕಟ್ಟುತ್ತಿಲ್ಲ, ಹಸಿರು ಹೋಗಿ ಹಸಿರೇ ಬರುತ್ತದೆ. ಕಾನನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.


ದಾಖಲೆ ಓದುವವ

ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎರಡು ವಿಷಯ ಹೇಳುತ್ತೇನೆ.

ಒಂದು, ಕಾನೂನು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಮು ತೆಗೆದು ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೇ ಮೈಸೂರು ಭಾಗದ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಗದ್ದೆ, ತೋಟಕ್ಕೆ ಹೊಂದಿಕೊಂಡ ಇಂಥ ನೆಲಗಳ ಮೇಲೆ ರೂಢಿಯಿಂದ ಬಂದ ಸವಲತ್ತು ಮುಂದುವರಿಯುತ್ತದೆ ಅಂತ ಅಲ್ಲಿದೆ. ಸವಲತ್ತು ಅನ್ನುವ ಪದ ಗಮನಿಸಿ. ಅದು ಒಡೆತನ ಅಲ್ಲ. ಸೊಪ್ಪು ತರಬಹುದು, ನೆಲ ಅಗೆದು ತೋಟ ಮಾಡುವಂತಿಲ್ಲ. ಉತ್ತರ ಕನ್ನಡದಲ್ಲಿ ಬಹಳಷ್ಟು ಬೆಟ್ಟ ಅರಣ್ಯದ ದಾಖಲೆಯಲ್ಲೇ ಇರುವುದರಿಂದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. ಹೊಸ ತೋಟಿಗರೇ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಆ ಎರಡು ಎಕರೆಯ ಮೇಲೆ ನೀವು ಸಾಲ ಮಾಡಿ ಹಣ ಹಾಕಿದ್ದರೆ, ನಿಮ್ಮ ಕೈಯಲ್ಲಿ ಇಲ್ಲದ ಹಕ್ಕಿನ ಮೇಲೆ ಹಾಕಿದಂತೆ.

ಎರಡು, ಹಸಿರು. "ಹಸಿರು ಹೋಗಿ ಹಸಿರೇ ಬರುತ್ತದೆ" ಅಂದಿರಿ. ಉಪಗ್ರಹವೂ ಹಾಗೇ ಹೇಳುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯವರ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ಹೆಚ್ಚಿನ ಜಾಗದಲ್ಲಿ ಮರದ ನೆರಳು ಶೇ. 10 ದಾಟಿದರೆ ಅದು 'ಅರಣ್ಯ ಹೊದಿಕೆ'. ಯಾರ ನೆಲ, ಯಾವ ಮರ ಅನ್ನುವ ಪ್ರಶ್ನೆ ಇಲ್ಲ. ಕಾಫಿ ತೋಟ, ರಬ್ಬರ್, ಅಕೇಶಿಯಾ ನೆಡುತೋಪು ಎಲ್ಲ ಅದರೊಳಗೆ ಬರುತ್ತವೆ. ಅಂದರೆ ಒಂದು ತಾಲ್ಲೂಕಿನ ಬೆಟ್ಟವೆಲ್ಲ ನೆಡುತೋಪಾದರೂ ವರದಿಯ ಅಂಕಿ ಕದಲದೇ ಇರಬಹುದು. ಕಳೆದುಕೊಂಡದ್ದು ಲೆಕ್ಕಕ್ಕೇ ಬರದ ನೆಲ ಇದು.


ಹೊಸ ತೋಟಿಗ

ಕಾನೂನು ಗೊತ್ತಿದೆ. ಗೊತ್ತಿದ್ದೂ ಮಾಡಿದ್ದೇನೆ, ಯಾಕೆಂದರೆ ಊರಲ್ಲಿ ಎಲ್ಲರೂ ಮಾಡಿದ್ದಾರೆ, ಇವತ್ತಲ್ಲ ನಾಳೆ ಸಕ್ರಮ ಆಗುತ್ತದೆ ಅನ್ನುವ ನಂಬಿಕೆಯೂ ಇದೆ. ಒಪ್ಪಿಕೊಳ್ಳುತ್ತೇನೆ. ಆದರೆ ಸವಲತ್ತು ಅಂತ ಇಟ್ಟು ನೂರು ವರ್ಷ ಕಾಯಿಸಿದರೆ ಯಾವ ರೈತನಿಗೆ ಆ ನೆಲದ ಮೇಲೆ ಜವಾಬ್ದಾರಿ ಬರುತ್ತದೆ, ಹೇಳಿ?


ಸೊರಬದವಳು

ಈ ಪ್ರಶ್ನೆ ಹಳೆಯದು, ನಮ್ಮ ತಾಲ್ಲೂಕಿನ ಕಾನುಗಳಷ್ಟೇ ಹಳೆಯದು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಸೊರಬ ಘಟ್ಟದ ನೆತ್ತಿಯಲ್ಲಿಲ್ಲ, ಪೂರ್ವಕ್ಕೆ ಸರಿದಿದೆ. ಮಳೆ ಕಡಿಮೆ, ಸುತ್ತ ಎಲೆ ಉದುರುವ ಕಾಡು. ಅದರ ನಡುವೆ ದ್ವೀಪಗಳ ಹಾಗೆ ಕಾನುಗಳು: ಬೇಸಿಗೆಯಲ್ಲೂ ಕಡು ಹಸಿರು, ಒಳಗೆ ಹೋದರೆ ಮಧ್ಯಾಹ್ನವೂ ಮಬ್ಬು. ಬುಕನಾನ್ ಎಂಬ ಸ್ಕಾಟಿಷ್ ವೈದ್ಯ 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದಾಗಲೇ ಕಾಡಿನೊಳಗೆ ಜನ ಮೆಣಸಿನ ಬಳ್ಳಿ ನೋಡಿಕೊಳ್ಳುತ್ತಿದ್ದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಆಗ ತಾಲ್ಲೂಕಿನಲ್ಲಿ 171 ಕಾನು, ಒಟ್ಟು 32 ಸಾವಿರ ಎಕರೆ ದಾಟಿತ್ತು. ಮೆಣಸು, ಬಗನಿ ಮರದ ಕಳ್ಳು, ದಾಲ್ಚಿನ್ನಿ ಎಲ್ಲ ಅಲ್ಲಿಂದ. ಜನ ಕಂದಾಯ ಕಟ್ಟುತ್ತಿದ್ದರು, ದೇವರಿಗೂ ನಡೆದುಕೊಳ್ಳುತ್ತಿದ್ದರು.

ಅಂದರೆ ಕಾನು ಮನುಷ್ಯ ಮುಟ್ಟದ ಕಾಡಾಗಿರಲಿಲ್ಲ. ಮುಟ್ಟಿದ ಕಾಡು, ಆದರೆ ಮಿತಿ ಹಾಕಿಕೊಂಡು ಮುಟ್ಟಿದ ಕಾಡು. ಆಮೇಲೆ ಅದನ್ನು ಒಮ್ಮೆ ಕಂದಾಯಕ್ಕೆ, ಒಮ್ಮೆ ಅರಣ್ಯಕ್ಕೆ ಅಂತ ಎಳೆದಾಡಿದರು. ಮೆಣಸಿನ ಕೆಲಸ ನಿಂತಿತು. ಊರಿಗೂ ಕಾನಿಗೂ ನಡುವಿನ ದಾರಿ ಮುಚ್ಚಿದ ಮೇಲೆ ಅದು ಯಾರದ್ದೂ ಅಲ್ಲದ ಜಾಗವಾಯಿತು. ಒತ್ತುವರಿ, ಶುಂಠಿ, ಬಗರ್‌ಹುಕುಂ ಅರ್ಜಿ ಎಲ್ಲ ಬಂದದ್ದು ಆ ಮೇಲೆ. ಈಗ ನಾನು ನೋಡುವ ಕೆಲವು ಕಾನುಗಳಲ್ಲಿ ಹೆಸರು ಮಾತ್ರ ಕಾನು.

ಹೊಸ ತೋಟಿಗರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಡೆತನ ಕೊಟ್ಟರೆ ಜವಾಬ್ದಾರಿ ಬರುತ್ತದೆ ಅನ್ನುವುದಕ್ಕೆ ನಮ್ಮ ಕಡೆ ಸಾಕ್ಷಿ ಸಿಗುವುದಿಲ್ಲ. ಜನರನ್ನು ಹೊರಗೆ ಹಾಕಿದರೆ ಉಳಿಯುತ್ತದೆ ಅನ್ನುವುದಕ್ಕೂ ಸಿಗುವುದಿಲ್ಲ. ಉಳಿದಿರುವ ಕಾನುಗಳಲ್ಲಿ ನಾನು ಕಂಡದ್ದು ಇಷ್ಟೇ: ಊರಿನ ಯಾರಿಗಾದರೂ ಅಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಹೋಗುವ ಕೆಲಸ ಇದೆ. ಪೂಜೆ ಇರಬಹುದು, ಮುರುಗಲು (ಕೋಕಂ) ಹಣ್ಣು ಆರಿಸುವುದು ಇರಬಹುದು, ಕೆರೆಯ ಕಾಲುವೆ ಬಿಡಿಸುವುದು ಇರಬಹುದು.

ಇನ್ನೊಂದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣ್ಣೆ ಹುಳ ಕಚ್ಚಿ ಹರಡುವ ರೋಗ. ಕಾಡು, ತೋಟ, ದನ, ಮನೆ ಒಂದಕ್ಕೊಂದು ಸಿಕ್ಕಿಕೊಂಡ ಅಂಚಿನಲ್ಲಿ ಕೆಲಸ ಮಾಡುವವರಿಗೆ ಅಪಾಯ ಹೆಚ್ಚು. ಕಾಡನ್ನು ಚೂರು ಚೂರು ಮಾಡಿದಷ್ಟೂ ಅಂಚು ಉದ್ದವಾಗುತ್ತದೆ. ತೋಟ ಬಿಡಿಸುವ ಲೆಕ್ಕದಲ್ಲಿ ಇದನ್ನು ಯಾರೂ ಹಿಡಿಯುವುದಿಲ್ಲ. ನಮ್ಮ ಬೀದಿಯಲ್ಲಿ ಈ ರೋಗಕ್ಕೆ ಸಿಕ್ಕ ಮನೆ ಇದೆ, ಅದಕ್ಕೇ ಹೇಳುತ್ತಿದ್ದೇನೆ.


ಬಾಣೆ ಬದಿ

ಕೊಡಗಿನಿಂದ. ನಿಮ್ಮಲ್ಲಿ ಅಡಿಕೆಗೆ ಬೆಟ್ಟ ಹೇಗೋ ನಮ್ಮಲ್ಲಿ ಗದ್ದೆಗೆ ಬಾಣೆ ಹಾಗೆ. ಸೊಪ್ಪು, ಸೌದೆ, ದನದ ಮೇವಿಗೆ ಅಂತ ಗದ್ದೆಯ ಜೊತೆ ಬಂದ ಕಾಡು. ಅದೇ ಬಾಣೆ ಒಂದೊಂದಾಗಿ ಕಾಫಿ ತೋಟವಾಯಿತು. ಮೊದಲ ತಲೆಮಾರು ಕಾಡುಮರ ಉಳಿಸಿಕೊಂಡೇ ಕೆಳಗೆ ಕಾಫಿ ಹಾಕಿತು, ಆದ್ದರಿಂದ ನೋಡಿದರೆ ಇನ್ನೂ ಕಾಡಿನ ಹಾಗೇ ಇತ್ತು. ಮುಂದಿನ ತಲೆಮಾರಿನಲ್ಲಿ ನಂದಿ, ಹೆಬ್ಬಲಸು, ಅತ್ತಿ ಹೋಗಿ ಸಿಲ್ವರ್ ಓಕ್ ಬಂತು. ಕಾರಣ ಸರಳ: ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೇರ ನಿಲ್ಲುತ್ತದೆ, ಮೆಣಸು ಹಬ್ಬಿಸಬಹುದು, ಕಡಿದು ಮಾರುವುದೂ ಸಲೀಸು. ನಾಡಿನ ಮರಗಳ ಹಕ್ಕು ಮಾತ್ರ ಗೋಜಲು. ತನ್ನ ತೋಟದಲ್ಲೇ ಬೀಟೆ ಸಸಿ ಹುಟ್ಟಿದರೆ ಚಿಕ್ಕದಿರುವಾಗಲೇ ಕಿತ್ತುಬಿಡುವವರನ್ನು ನಾನು ನೋಡಿದ್ದೇನೆ, ದೊಡ್ಡದಾದರೆ ತನಗೆ ಹಕ್ಕಿಲ್ಲ ಎಂಬ ಭಯಕ್ಕೆ. ಮರ ಉಳಿಸಲು ಮಾಡಿದ ನಿಯಮವೇ ಮರದ ಸಸಿಗೆ ಶತ್ರುವಾಯಿತು.

ಒಡೆತನ ಜವಾಬ್ದಾರಿ ತರುತ್ತದೆಯೇ ಅಂತ ಮೇಲೆ ಕೇಳಿದ್ದೀರಿ. ನಮ್ಮಲ್ಲಿ ಅದು ಕಾಫಿಯ ಮೇಲಿನ ಜವಾಬ್ದಾರಿ ತಂದಿತು, ಕಾಡಿನ ಮೇಲಿನದ್ದಲ್ಲ.

ದೇವರಕಾಡಿನ ಮಾತು ಬೇರೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ವಿಸ್ತೀರ್ಣ ಮಾತ್ರ ಒಂದು ಶತಮಾನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮೂರಿನ ದೇವರಕಾಡಿನ ಸುತ್ತ ಈಗ ನಾಲ್ಕು ಕಡೆಯೂ ಕಾಫಿ. ಒಳಗೆ ಇರುವ ಮರಗಳು ಹಳೆಯವು, ದೊಡ್ಡವು; ಅವುಗಳ ಮರಿಗಳು ಕಡಿಮೆ. ಒಣ ಗಾಳಿ ನುಗ್ಗುತ್ತದೆ, ಅಂಚಿನ ಮರಗಳು ಒಂದೊಂದೇ ಬೀಳುತ್ತವೆ. ಆದ್ದರಿಂದ ಹೊಸ ತೋಟಿಗರೇ, "ಕಾನನ್ನು ಮುಟ್ಟಿಲ್ಲ" ಅನ್ನುವುದು ಸಾಲದು ಅಂತ ನನ್ನ ಅನುಭವ. ಬೆಟ್ಟ ಕಾನಿಗೆ ಅಂಗಿಯ ಹಾಗೆ. ಅಂಗಿ ಬಿಚ್ಚಿ ಚಳಿಯಲ್ಲಿ ನಿಲ್ಲಿಸಿದರೆ ಮೈ ಮುಟ್ಟದಿದ್ದರೂ ಜ್ವರ ಬರುತ್ತದೆ.


ಪಡುವಣ ಕಡಲು

ಕರಾವಳಿಯಿಂದ ನಾಲ್ಕೇ ಸಾಲು. ನಮ್ಮ ಕುಮ್ಕಿ ಹೆಚ್ಚಿನ ಕಡೆ ರಬ್ಬರ್ ಆಗಿದೆ. ನಾಗಬನದ ಮರ ತೆಗೆದು, ನೆಲಕ್ಕೆ ಟೈಲ್ಸ್ ಹಾಸಿ, ಕಾಂಕ್ರೀಟ್ ಕಟ್ಟೆ ಕಟ್ಟಿ "ಜೀರ್ಣೋದ್ಧಾರ" ಅನ್ನುತ್ತೇವೆ. ದೇವರ ಭಯ ಕಾಡನ್ನು ಕಾಯುತ್ತದೆ ಅಂತ ನಂಬಿದವರು ದಯವಿಟ್ಟು ಒಮ್ಮೆ ಬಂದು ನೋಡಿ. ಭಕ್ತಿ ಕಡಿಮೆಯಾಗಿಲ್ಲ, ಹೆಚ್ಚಾಗಿದೆ, ಖರ್ಚೂ ಹೆಚ್ಚಾಗಿದೆ. ಬನ ಹೋಗಿದೆ. ನಮ್ಮ ಕುಟುಂಬದ ಬನವನ್ನು ಹಾಗೆ ಮಾಡಬಾರದು ಅಂತ ನಾನು ಮತ್ತು ಚಿಕ್ಕಮ್ಮ ಇಬ್ಬರೇ ಹೇಳಿದೆವು. ಎರಡು ಸಭೆ ಆಯಿತು. ಸದ್ಯಕ್ಕೆ ನಿಂತಿದೆ.


ಕಾನಂಚಿನ ಮನೆ

ಎಲ್ಲರಿಗೂ ಕೃತಜ್ಞತೆ. ಒಂದೊಂದು ಉತ್ತರವನ್ನೂ ತಮ್ಮನಿಗೆ ಓದಿ ಹೇಳಿದೆ. "ಅಂಗಿ" ಮಾತಿಗೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸರಿ, ನೀರಿನ ಲೆಕ್ಕ ತೋರಿಸು. ಬೆಟ್ಟ ಹೋದರೆ ಹಳ್ಳ ಬತ್ತುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಯಾರು ಅಳೆದಿದ್ದಾರೆ?" ಗೊತ್ತಿದ್ದವರು ಹೇಳಿ.

ಎಲೆಚುಕ್ಕಿ ಬಗ್ಗೆ ನಮ್ಮ ಕಡೆಯ ಅನುಭವ: ಬೆಟ್ಟ ಬಿಡಿಸಿ ಮಾಡಿದ ಮೇಲಿನ ತೋಟಗಳಿಗೂ ಅದು ಹತ್ತಿದೆ. ಮಳೆ, ಗಾಳಿಯಲ್ಲಿ ಹರಡುವ ರೋಗಕ್ಕೆ ನೂರು ಅಡಿ ಎತ್ತರ ಏನೂ ಅಲ್ಲ.


ತಪ್ಪಲು

ಅಳೆದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಶರಾವತಿ, ಅಘನಾಶಿನಿ, ಕಾಳಿ ಕೊಳ್ಳಗಳಲ್ಲಿ ಹಳ್ಳ ಹಳ್ಳವನ್ನೂ ಹೋಲಿಸಿ ನೋಡಿದೆ. ಜಲಾನಯನದಲ್ಲಿ ಸ್ಥಳೀಯ ಜಾತಿಯ ಕಾಡು ಶೇ. 60ಕ್ಕಿಂತ ಹೆಚ್ಚಿದ್ದ ಹಳ್ಳಗಳು ವರ್ಷವಿಡೀ ಹರಿದವು; ನೆಡುತೋಪು, ಬೋಳು ನೆಲ ಹೆಚ್ಚಿದ್ದ ಕಡೆ ಹಳ್ಳ ಮಳೆಗಾಲ ಮುಗಿದು ಕೆಲವು ತಿಂಗಳಲ್ಲೇ ನಿಂತಿತು. ಕೆಲಸ ನಡೆಯುವುದು ಮಣ್ಣಿನಲ್ಲಿ. ನಾನಾ ಆಳದ ಬೇರು, ದರಕಿನ ಹಾಸು, ಹುಳು ಮಾಡಿದ ರಂಧ್ರ ಇದ್ದರೆ ಮಳೆ ಇಂಗುತ್ತದೆ. ಯಂತ್ರದ ಚಕ್ರ ಒತ್ತಿದ ಇಳಿಜಾರಿನಲ್ಲಿ ಅದೇ ಮಳೆ ಮಣ್ಣು ಹೊತ್ತು ಕೆಳಗೋಡುತ್ತದೆ, ಮೊದಲು ನಿಮ್ಮದೇ ತೋಟದ ಕಪ್ಪನ್ನು (ನೀರು ಬಸಿಯುವ ಕಾಲುವೆಯನ್ನು) ತುಂಬುತ್ತದೆ. ನಿಮ್ಮ ತಮ್ಮ ನಂಬಬೇಕಿದ್ದರೆ ಬೇರೆಯವರ ಅಂಕಿ ಬೇಡ. ಎರಡು ಕಣಿವೆ ಆರಿಸಿಕೊಳ್ಳಿ, ಒಂದು ಬೆಟ್ಟ ಇರುವುದು, ಒಂದು ಬಿಡಿಸಿದ್ದು. ಡಿಸೆಂಬರ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಕೊಡ ತುಂಬಲು ಎಷ್ಟು ಹೊತ್ತು ಬೇಕು ಅಂತ ಬರೆದಿಡಿ.

ನಾನು ಬಿಳಿಗಿರಿರಂಗನ ಬೆಟ್ಟದ ಕಡೆ ಕೆಲವು ವರ್ಷ ಕೆಲಸ ಮಾಡಿದವನು. ಅಲ್ಲಿನ ಸೋಲಿಗ ಬುಡಕಟ್ಟಿನವರಿಂದ ಕಲಿತದ್ದನ್ನು ಇಲ್ಲಿ ಸೇರಿಸಬೇಕು ಅನ್ನಿಸುತ್ತದೆ. ಬೇಸಿಗೆಯ ಆರಂಭದಲ್ಲಿ ಅವರು ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ ಅನ್ನುತ್ತಾರೆ. ಮೊಣಕಾಲೆತ್ತರದ, ತಣ್ಣನೆಯ ಬೆಂಕಿ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಕಳೆ ಕಾಡನ್ನು ನುಂಗಿದ್ದು ಆ ನಂತರವೇ ಅಂತ ಅಲ್ಲಿನ ಹಿರಿಯರು ಖಡಾಖಂಡಿತವಾಗಿ ಹೇಳುತ್ತಾರೆ. ಈಗ ಬೆಂಕಿ ಬಿದ್ದರೆ ಲಂಟಾನದ ಪೊದೆ ಹಿಡಿದು ಮರದ ತುದಿಗೇರುತ್ತದೆ. ಅವರ ಕಾಡಿಗೆ ಎಲ್ಲೆಗಳಿವೆ: ದೇವರ ಜಾಗ, ಮಾರಮ್ಮನ ಜಾಗ, ಕಲ್ಲುಗುಡಿ, ವೀರು, ಅಬ್ಬಿ. ನಾವು ಬರೀ ಮರ ಕಂಡಲ್ಲಿ ಅವರಿಗೆ ವಿಳಾಸ ಕಾಣುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಹಕ್ಕು ಸಿಕ್ಕಿದ್ದು ಮನೆಗೊಂದು ತುಂಡಾಗಿ ಅಲ್ಲ, ಪೋಡಿನ (ಅವರ ಹಾಡಿಯ) ಜನರಿಗೆಲ್ಲ ಒಟ್ಟಾಗಿ. ಹೊಸ ತೋಟಿಗರು ಕೇಳಿದ ಜವಾಬ್ದಾರಿಯ ಪ್ರಶ್ನೆಗೆ ನನಗೆ ಕಂಡ ಉತ್ತರ ಇದು. ಒಡೆತನ ಅಥವಾ ಬೇಲಿ ಅಂತ ಎರಡೇ ದಾರಿ ಅಲ್ಲ, ಊರಿನ ಒಟ್ಟು ಹಕ್ಕು ಅಂತ ಮೂರನೆಯದು ಇದೆ.


ದಾಖಲೆ ಓದುವವ

ತಪ್ಪಲು ಅವರ ಮೂರನೇ ದಾರಿಗೆ ಉತ್ತರ ಕನ್ನಡದಲ್ಲೇ ಹಳೆಯ ಉದಾಹರಣೆ ಇದೆ. ಕುಮಟಾದ ಹಳಕಾರ ಗ್ರಾಮ ಅರಣ್ಯ. ಬ್ರಿಟಿಷರ ಕಾಲದಿಂದ ಊರಿನವರೇ ಸಮಿತಿ ಮಾಡಿಕೊಂಡು, ಕಾವಲುಗಾರನನ್ನಿಟ್ಟು, ಸೌದೆ ಸೊಪ್ಪಿಗೆ ನಿಯಮ ಹಾಕಿಕೊಂಡು ನಡೆಸಿಕೊಂಡು ಬಂದದ್ದು. ಪಟ್ಟಣದ ಪಕ್ಕದಲ್ಲಿದ್ದೂ ಉಳಿಯಿತು. ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಬಹಳ ಕಡೆ ಕಾಗದದಲ್ಲೇ ಉಳಿದವು. ಇದು ಊರಿನದಾಗಿದ್ದರಿಂದ ಬಾಳಿತು.

ಇನ್ನು ಪಶ್ಚಿಮ ಘಟ್ಟದ ವರದಿಗಳ ಬಗ್ಗೆ ಯಾರಾದರೂ ಎತ್ತುತ್ತಾರೆ, ನಾನೇ ಹೇಳಿಬಿಡುತ್ತೇನೆ. 2011ರ ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ಅಂತ ನೋಡಿ ಮೂರು ವಲಯ ಮಾಡಿತು, ನಿರ್ಧಾರ ಗ್ರಾಮಸಭೆಯಿಂದ ಶುರುವಾಗಲಿ ಅಂದಿತು. 2013ರ ಕಸ್ತೂರಿರಂಗನ್ ಸಮಿತಿ ಘಟ್ಟವನ್ನು ಎರಡು ಭಾಗ ಮಾಡಿತು: ಸುಮಾರು ಶೇ. 60 ಮನುಷ್ಯ ಬಳಕೆಯ ಸಾಂಸ್ಕೃತಿಕ ನೆಲ, ಉಳಿದದ್ದು ನೈಸರ್ಗಿಕ ನೆಲ. ನೈಸರ್ಗಿಕದ ಬಹುಪಾಲು, ಅಂದರೆ ಒಟ್ಟು ಘಟ್ಟದ ಶೇ. 37, ಪರಿಸರ ಸೂಕ್ಷ್ಮ ಪ್ರದೇಶ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬಂತು, 2024ರ ಜುಲೈನಲ್ಲಿ ಬಂದದ್ದು ಆರನೆಯದು. ರಾಜ್ಯ ಸರ್ಕಾರ ಒಪ್ಪಲಿಲ್ಲ. ಹತ್ತು ವರ್ಷ ಹಳ್ಳಿಗಳಲ್ಲಿ ನಡೆದದ್ದು ಒಂದೇ ಚರ್ಚೆ, ನಮ್ಮೂರು ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ.

ನಾನು ಸರಪಳಿ ಹಿಡಿದು ನೆಲ ಅಳೆದವನು. ನೈಸರ್ಗಿಕ ಮತ್ತು ಸಾಂಸ್ಕೃತಿಕ ಅಂತ ಗೆರೆ ಎಳೆಯಲು ಸೊಪ್ಪಿನಬೆಟ್ಟದಲ್ಲಿ ಎಲ್ಲಿ ನಿಲ್ಲಬೇಕು ಅಂತ ನನಗೆ ಯಾವತ್ತೂ ತಿಳಿಯಲಿಲ್ಲ. ಬೆಟ್ಟ ಎರಡೂ ಹೌದು. ಅದಕ್ಕೇ ಎರಡೂ ಪಟ್ಟಿಯಲ್ಲಿ ಅದನ್ನು ಕೇಳುವವರಿಲ್ಲ. ಪರಿಭಾವಿತ ಅರಣ್ಯದ, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸಿದ ನೆಲದ ಕಥೆ ನೋಡಿ: 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಗುರುತಿಸಿದ್ದರು, 2022ರ ಹೊತ್ತಿಗೆ ಅದು 3.3 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ಬಿಟ್ಟ ಜಾಗದಲ್ಲಿ ಮನೆ, ಶಾಲೆ, ಗದ್ದೆ ಇದ್ದದ್ದು ನಿಜ. ಮರ ಇದ್ದದ್ದೂ ನಿಜ.


ಗಜನಿ ಕಟ್ಟೆ

ಕಾಡಿನವರ ಮಾತಿನ ನಡುವೆ ಕೆಳಗಿನವರ ಒಂದು ಮಾತು. ಅಘನಾಶಿನಿಯ ಅಳಿವೆಯಲ್ಲಿ ನಮ್ಮ ಗಜನಿ ಗದ್ದೆಗಳಿವೆ, ಅಂದರೆ ಉಬ್ಬರದ ಉಪ್ಪು ನೀರು ಬರುವ ಗದ್ದೆಗಳು. ಉಪ್ಪು ನೀರು, ನೆರೆ ಎರಡನ್ನೂ ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದೆವು, ಭತ್ತದ ನಂತರ ಮೀನು, ಸಿಗಡಿ. ಆ ಗದ್ದೆಗಳೇ ಸಿಗಡಿ ಹೊಂಡವಾದವು, ರೋಗ ಬಂತು, ಹೊಂಡಗಳು ಬಿದ್ದಿವೆ. ಕಟ್ಟೆಗಳು ಒಡೆದಿವೆ, ಕಗ್ಗದ ಬೀಜ ಉಳಿಸಿಕೊಂಡವರ ಮನೆ ಬೆರಳೆಣಿಕೆಗೆ ಬಂತು. ನೀವು ಮೇಲೆ ಅಗೆದ ಮಣ್ಣು ಹೊಳೆಯಲ್ಲಿ ನಮ್ಮ ಚಿಪ್ಪುಕಲ್ಲಿನ (ಚಿಪ್ಪುಮೀನಿನ) ದಿಬ್ಬದ ಮೇಲೆ ಬಂದು ಕೂರುತ್ತದೆ. ದಯವಿಟ್ಟು ನೆನಪಿಟ್ಟುಕೊಳ್ಳಿ.


ಹಳೇ ಸಾಲ್ಕಣಿ

1983ರ ಸೆಪ್ಟೆಂಬರ್ 8. ಸಾಲ್ಕಣಿ ಹತ್ತಿರದ ಕಳಸೆ ಕಾಡಿನಲ್ಲಿ ಮರ ಅಪ್ಪಿಕೊಂಡ ದಿನ ನಾನು ಸಣ್ಣ ಹುಡುಗ, ದೊಡ್ಡವರ ಹಿಂದೆ ಹೋಗಿದ್ದೆ. ಕಾಡು ಕಡಿದು ತೇಗ ನೆಡುವುದರ ವಿರುದ್ಧ ಎದ್ದ ಜನ ಅದು. ಅಪ್ಪಿಕೋ ಚಳವಳಿ ಅಂದರೆ ಈಗ ಎಲ್ಲರಿಗೂ ಅಪ್ಪಿಕೊಂಡ ಚಿತ್ರ ಮಾತ್ರ ನೆನಪು. ಆದರೆ ಆಗ ಹಾಕಿದ ಘೋಷಣೆಯಲ್ಲಿ ಮೂರು ಮಾತಿದ್ದವು: ಉಳಿಸು, ಬೆಳೆಸು, ಬಳಸು. ಮೊದಲ ಎರಡನ್ನು ಇಲಾಖೆಯೂ ಹೇಳುತ್ತದೆ, ಶಾಲೆಯ ಗೋಡೆಯೂ ಹೇಳುತ್ತದೆ. ಮೂರನೆಯದನ್ನು ನಾವು ಕೈಬಿಟ್ಟೆವು. ನಮ್ಮ ಬೆಟ್ಟಗಳು ಹೋಗುತ್ತಿರುವುದು ಕೊಡಲಿಯಿಂದ ಶುರುವಾದದ್ದಲ್ಲ, ಬಳಕೆ ನಿಂತದ್ದರಿಂದ ಶುರುವಾದದ್ದು. ಕೊಡಲಿ ಆಮೇಲೆ ಬಂತು.

ಬಳಕೆ ಅಂದರೆ ಕೊಳ್ಳೆ ಅಲ್ಲ ಅಂತಲೂ ಹೇಳಬೇಕು. ಉಪ್ಪಾಗೆಗೆ (ಮುರುಗಲಿನ ಜಾತಿಯ ಹುಳಿ ಹಣ್ಣು) ಹೊರದೇಶದಿಂದ ಬೇಡಿಕೆ ಬಂದ ವರ್ಷಗಳು ನೆನಪಿರಬಹುದು. ಹಣ್ಣಾಗುವ ಮೊದಲೇ, ಬೇರೆಯವರು ಕೊಯ್ದಾರು ಅಂತ ಟೊಂಗೆ ಸಮೇತ ಕಡಿದರು. ಕಾಯಿಗೆ ಬೆಲೆ ಬಂದರೆ ಮರ ಉಳಿಯುತ್ತದೆ ಅನ್ನುವುದು ಅರ್ಧ ಮಾತು. ಯಾರು, ಯಾವಾಗ, ಎಷ್ಟು ಅಂತ ಊರು ಕೂತು ಮಾತಾಡಿಕೊಂಡ ಕಡೆ ಮಾತ್ರ ಉಳಿಯಿತು.


ಹೊಸ ತೋಟಿಗ

ಎಲ್ಲ ಓದಿದೆ. ಎರಡು ಸಲ ಓದಿದೆ. ಗಜನಿ ಕಟ್ಟೆಯವರ ಮಾತು ಹೆಚ್ಚು ತಾಗಿತು, ಯಾಕೆಂದರೆ ಮೊನ್ನೆ ಬಿದ್ದ ಬೇಸಿಗೆ ಮಳೆಗೆ ನನ್ನ ಹೊಸ ಮೆಟ್ಟಿಲಿನ ಅರ್ಧ ಮಣ್ಣು ಹಳ್ಳಕ್ಕೆ ಇಳಿಯಿತು. ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಬಿಡಿಸಿದ್ದನ್ನು ಮತ್ತೆ ಬೆಟ್ಟ ಮಾಡಲು ಬರುವುದಿಲ್ಲ, ಸಸಿಗೆ ಮುಂಗಡ ಕೊಟ್ಟಾಗಿದೆ. ಆದರೆ ಇನ್ನೂ ಮೂರು ಎಕರೆ ಬಿಡಿಸುವ ಯೋಚನೆ ಇತ್ತು, ಅದನ್ನು ನಿಲ್ಲಿಸಿದ್ದೇನೆ. ಈಗ ಕೇಳುವುದು ಹಟಕ್ಕಲ್ಲ, ಕಲಿಯಲಿಕ್ಕೆ: ಆ ಮೂರು ಎಕರೆಯಿಂದ ಮನೆಗೆ ಏನು ಬರುತ್ತದೆ? ಹೆಂಡತಿಗೆ ಏನು ಹೇಳಲಿ?


ಸೊರಬದವಳು

ತೋಟದಷ್ಟು ಬರುವುದಿಲ್ಲ. ಅದನ್ನು ಮೊದಲೇ ನೇರವಾಗಿ ಹೇಳಿಬಿಡಿ, ಸುಳ್ಳು ಆಸೆ ಬೇಡ. ಬರುವುದು ಬೇರೆ ಥರ. ಇರುವ ಮರಗಳಿಗೇ ಮೆಣಸು ಹಬ್ಬಿಸಬಹುದು. ಮುರುಗಲು, ಉಪ್ಪಾಗೆ, ವಾಟೆ, ದಾಲ್ಚಿನ್ನಿ ಬೆಟ್ಟದಲ್ಲಿ ತಾವೇ ಬರುತ್ತವೆ. ಕಳೆ ಬಿಡಿಸಿ ಬೆಳಕು ಕೊಟ್ಟರೆ ಸಾಕು. ಹಳ್ಳದ ದಡದಲ್ಲಿ ಅಪ್ಪೆಮಿಡಿ ಇದ್ದರೆ ಅದನ್ನು ಬಂಗಾರದ ಹಾಗೆ ನೋಡಿಕೊಳ್ಳಿ, ಕಸಿ ಮಾಡಿ. ಹೂವಿದ್ದರೆ ಜೇನು. ದರಕು ಗುಡಿಸಿ ತಂದು ತೋಟಕ್ಕೆ ಮುಚ್ಚಿಗೆ ಮಾಡಿದರೆ ಚೀಲದ ಗೊಬ್ಬರ, ನೀರು ಎರಡೂ ಕಡಿಮೆ ಸಾಕು. ಆ ಉಳಿತಾಯವನ್ನೂ ಬೆಟ್ಟದ ಆದಾಯದ ಕಾಲಂನಲ್ಲಿ ಬರೆಯಿರಿ. ಎಲ್ಲ ದರಕನ್ನೂ ಬಳಿಯಬೇಡಿ, ಪಟ್ಟೆ ಪಟ್ಟೆಯಾಗಿ ಬಿಟ್ಟು ಬಿಟ್ಟು ಗುಡಿಸಿ. ಸೊಪ್ಪು ಸವರುವುದಾದರೆ ಒಂದೇ ಮರಕ್ಕೆ ವರ್ಷ ವರ್ಷ ಕತ್ತಿ ಹಚ್ಚಬೇಡಿ, ತುದಿ ಬಿಡಿ.


ಹೊಸ ತೋಟಿಗ

ಮುರುಗಲು ಬೀಜ ಒಣಗಿಸಿ ಇಟ್ಟು ಜೂನ್‌ನಲ್ಲಿ ಹಾಕಿದರೆ ನಡೆಯುತ್ತದಾ?


ಸೊರಬದವಳು

ಒಣಗಿಸಿದರೆ ಹುಟ್ಟುವುದಿಲ್ಲ. ಹಣ್ಣಿನಿಂದ ತೆಗೆದು, ತೊಳೆದು, ನೆರಳಲ್ಲಿ ಒಂದೆರಡು ದಿನದೊಳಗೆ ಹಾಕಿ. ಗಂಡು ಹೆಣ್ಣು ಬೇರೆ ಬೇರೆ ಮರ, ಬೀಜದಿಂದ ಬಂದದ್ದು ಯಾವುದು ಅಂತ ಹೂ ಬಿಡುವವರೆಗೆ ತಿಳಿಯುವುದಿಲ್ಲ. ಸಸಿ ಜಾಸ್ತಿಯೇ ಹಾಕಿ. ಬೇಕಾದರೆ ನಮ್ಮ ಕಾನಿನ ಹಣ್ಣು ಕಳಿಸುತ್ತೇನೆ, ಈ ವಾರ ಬೀಳಲು ಶುರುವಾಗಿದೆ.


ಕಾನಂಚಿನ ಮನೆ

ನಿನ್ನೆ ಬೆಳಿಗ್ಗೆ ತಮ್ಮನೂ ನಾನೂ ಬೆಟ್ಟಕ್ಕೆ ಹೋದೆವು. ಹದಿನೈದು ವರ್ಷದ ಮೇಲೆ ಇಬ್ಬರೂ ಒಟ್ಟಿಗೆ. ಕಾಲುದಾರಿ ಬಿಡಿಸಲಿಕ್ಕೇ ಎರಡು ತಾಸು ಹಿಡಿಯಿತು. ಅಪ್ಪ ಸವರುತ್ತಿದ್ದ ಮತ್ತಿ ಮರಗಳು ಹಾಗೇ ಇವೆ, ಗಂಟು ಗಂಟಾಗಿ, ಗಂಟಿನ ಮೇಲೆ ತೋಳಿನಷ್ಟು ದಪ್ಪ ಟೊಂಗೆ. ಎಣಿಸುತ್ತಾ ಹೋದೆವು: ಮುರುಗಲು 11, ಉಪ್ಪಾಗೆ 4, ವಾಟೆ 3, ಕವಲು ಎಣಿಸಿ ಮುಗಿಯಲಿಲ್ಲ. ಕಾನಿನ ಅಂಚಿನಲ್ಲಿ ರಾಮಪತ್ರೆಯ ಮರಿಗಳು ಬೆಟ್ಟದೊಳಗೆ ಇಳಿದು ಬಂದಿವೆ, ಮೊಣಕಾಲೆತ್ತರ. ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಬೆಟ್ಟ ಹಾಳು ಬಿದ್ದಿದೆ ಅಂದುಕೊಂಡಿದ್ದೆವು.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಕೆಳಗಿನ ಸಪಾಟು ಭಾಗದ ಬಗ್ಗೆ ಅವನ ಮನಸ್ಸು ಓಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಳ್ಳದ ತಲೆಯಿಂದ ಇತ್ತ ಯಂತ್ರ ಬರಬಾರದು ಅಂತ ಅವನೇ ಹೇಳಿದ. ದಾಖಲೆ ಓದುವವರು ಹೇಳಿದ ಹಳಕಾರದ ಹಾಗೆ ನೆರೆಯ ಐದು ಮನೆಯವರನ್ನು ಕೂರಿಸಿ ಕಾನಿನ ಅಂಚನ್ನು ಒಟ್ಟಿಗೆ ನೋಡಿಕೊಳ್ಳುವ ಮಾತು ತೆಗೆಯಬೇಕು. ಬೆಟ್ಟ ಬಿಡಿಸಿದವರನ್ನೂ ಕರೆಯುತ್ತೇನೆ. ಕೊಡ ತುಂಬುವ ಲೆಕ್ಕ ನಿನ್ನೆಯಿಂದಲೇ ಶುರು ಮಾಡಿದೆವು. ಬೆಟ್ಟ ಇರುವ ಕಡೆಯ ಒರತೆಯಲ್ಲಿ ಒಂದೂವರೆ ನಿಮಿಷ. ಬಿಡಿಸಿದ ಕಡೆಯದು ನಾಳೆ ಅಳೆಯುತ್ತೇವೆ, ಬರೆಯುತ್ತೇನೆ.